ಕುಂಟ ನಾಲ್ಕು

ಮತ್ತೆ ಯಾಕೆ ಭೂತಗನ್ನಡಿ ತಗೊಂಡೆ ಅಕ್ಕ? ಟೆಂಡರಿಗೆ ಕೊಡೋ ಸ್ಯಾಂಪಲ್ ಐದು ಪಿನ್ನೂ ಅಳತೆ ಮಾಡಿ ಆಯ್ತಲ್ಲ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ ಅಂತ ನೀನೇ ಬರ್ಕೊಂಡೆ. ಸಹಿ ಹಾಕು, ಮುಗೀತು. ಮೂರು ಗಂಟೆಗೆ ಟೆಂಡರ್ ಮುಚ್ತಾರೆ, ಈಗಲೇ ಒಂದೂವರೆ.

ಯಾಕೆ ನಗ್ತೀಯ? ನಗು, ನಗು. ಚಿಕ್ಕವನಿದ್ದಾಗಿಂದ ನನ್ನ ಅವಸರ ನೋಡಿ ನಗೋದೇ ಆಯ್ತು ನಿಂದು. ಆದ್ರೆ ಇದು ನೀರಿನ ಪಂಪಿನ ಬೋಲ್ಟಲ್ಲ ತಾಯಿ, ಮಿಲಿಟರಿ ವಿಮಾನದ ಚಕ್ರಕ್ಕೆ ಹಾಕೋ ಪಿನ್ನು. ದೊಡ್ಡ ಕಂಪನಿಯವರು ಕೋಟು ಹಾಕ್ಕೊಂಡು ಬರ್ತಾರೆ, ನಾನು ಉಗುರಲ್ಲಿ ಗ್ರೀಸ್ ಇಟ್ಕೊಂಡು ಹೋಗ್ತೀನಿ. ಹೋದ ವರ್ಷ ನಲವತ್ತು ಪಿನ್ನಿನ ಆರ್ಡರ್ ನಮಗೆ ಸಿಕ್ಕಾಗ ಹೇಗೆ ಹೊಟ್ಟೆ ಉರ್ಕೊಂಡರು ಗೊತ್ತಾ? ಈ ಸಲ ನಾನ್ನೂರು. ಸಿಕ್ಕರೆ ಶೆಡ್ಡಿನ ಏಳು ಜನಕ್ಕೂ ಕೆಲಸ ಇರುತ್ತೆ. ಸಿಗದಿದ್ರೆ ಬೀಗ ಹಾಕೋದೇ.

ಏನು ನೋಡ್ತಿದೀಯ ಅದ್ರಲ್ಲಿ? ನಾಲ್ಕನೇದಾ... ಅದೂ ಉಳಿದವುಗಳ ಹಾಗೇ. ನಂಬರಾ? ನಾಲ್ಕು ಅಂತಲೇ ಹೊಡೆದಿದೆಯಲ್ಲ. ನೆಟ್ಟಗಿದೆ, ಅಷ್ಟೇ.

ಗೊತ್ತು ಅಕ್ಕ. ಅಪ್ಪ ನಾಲ್ಕು ಹೊಡೆಯೋ ಆ ಪಂಚನ್ನ ಬೀಳಿಸಿ ಅಂಕಿಯ ಕಾಲು ಮುರಿದಾಗಿಂದ ಈ ಶೆಡ್ಡಲ್ಲಿ ನಾಲ್ಕು ಅಂದ್ರೆ ಕುಂಟ ನಾಲ್ಕೇ. ಹೋದ ವಾರ ಐದಕ್ಕೂ ನಂಬರ್ ಹೊಡೆದೋಳೂ ನೀನೇ. ಇದು... ಅಂಗಡಿಯಿಂದ ತಂದ ಪಂಚು. ನಿನ್ನೆ ತಂದೆ. ಕುಂಟದ್ದು ನಿನ್ನ ಡ್ರಾಯರಲ್ಲಿತ್ತು, ಕೀ ನಿನ್ನ ಸೊಂಟದಲ್ಲಿತ್ತು, ಇನ್ನೇನು ಮಾಡ್ಲಿ?

ಹಾಗೆ ನೋಡ್ಬೇಡ. ಹೇಳ್ತೀನಿ. ನೀನು ನಾಲ್ಕು ಅಂತ ಹೊಡೆದಿದ್ದ ಪಿನ್ನಲ್ಲಿ, ಲ್ಯಾಬಿನ ಟೆಸ್ಟಲ್ಲಿ, ಬಿರುಕು ಕಾಣಿಸ್ತು. ಒಂದೇ ಒಂದು ಗೆರೆ. ಎಸೆದು ಇನ್ನೊಂದು ಮಾಡ್ದೆ. ಇದು ಪಾಸಾಗಿದೆ, ಬೇಕಾದ್ರೆ ರಿಪೋರ್ಟ್ ನೋಡು. ಎಸೆದ ಪಿನ್ನಿನ ನಂಬರನ್ನ ಇನ್ಯಾವುದಕ್ಕೂ ಕೊಡಬಾರದು ಅನ್ನೋದು ನಿನ್ನ ಕಟ್ಟಳೆ. ಮುರಿದೆ. ತಪ್ಪಾಯ್ತು. ಬೈ.

ಬೈಯೇ ಅಕ್ಕ.

ಅಲ್ಲಿಗ್ಯಾಕೆ ಹೋಗ್ತೀಯ? ರಾಡುಗಳ ಹತ್ರ ಏನಿದೆ, ಬರೀ ಧೂಳು. ಬಾ... ಆ ತುಂಡಾ? ಹೂಂ, ಬಿರುಕು ಬಿಟ್ಟ ಪಿನ್ನು ಆ ಹಳೇ ರಾಡಿಂದಲೇ ಮಾಡಿದ್ದು. ಚೂರು ಉಳಿದಿತ್ತು, ದಂಡ ಯಾಕೆ ಅಂತ ಒಂದು ಪಿನ್ನು ತೆಗೆದೆ. ಬಾಕಿ ನಾಲ್ಕು ಪಿನ್ನೂ, ಈಗ ಮಾಡಿದ್ದೂ ಹೊಸ ರಾಡಿಂದಾನೇ. ಅದಕ್ಕೇ ಹೇಳ್ತಿರೋದು, ಧೈರ್ಯವಾಗಿ ಸಹಿ...

ತುಂಡಿಗೆ ಕಟ್ಟಿದ ಚೀಟಿ ಓದಿದೆಯಾ? ಹೌದು, ಹೋದ ವರ್ಷದ ತಾರೀಖೇ.

ಕೂತ್ಕೋ ಅಕ್ಕ. ನೀರು ಕೊಡ್ಲಾ?

ನೀನು ಯೋಚನೆ ಮಾಡ್ತಿರೋದು ಈ ಐದರ ಬಗ್ಗೆ ಅಲ್ಲ, ಅಲ್ವಾ? ನನಗೂ ಮೂರು ದಿನದಿಂದ ಅನ್ನ ಸೇರ್ತಿಲ್ಲ. ಹೋದ ವರ್ಷದ ಆ ನಲವತ್ತೂ ಈ ಹಳೇ ರಾಡಿಂದಾನೇ ಮಾಡಿದ್ದು. ಆಗ ಎರಡನ್ನೇ ಟೆಸ್ಟಿಗೆ ಕಳಿಸಿದ್ವಿ, ಎರಡೂ ಪಾಸಾದ್ವು. ನಲವತ್ತಕ್ಕೂ ನೀನೇ ಸಹಿ ಹಾಕ್ದೆ.

ಇಲ್ಲ... ಯಾರಿಗೂ ಹೇಳಿಲ್ಲ. ಫೋನ್ ಕೈಗೆ ತಗೊಂಡೆ, ಇಟ್ಟೆ, ಮತ್ತೆ ತಗೊಂಡೆ. ಟೆಂಡರ್ ಒಂದು ಮುಗೀಲಿ, ಆಮೇಲೆ ಹೇಳೋಣ ಅಂತ...

ಹೌದು. ಆ ವಿಮಾನಗಳು ಈಗಲೂ ಹಾರ್ತಾ ಇವೆ ಅಕ್ಕ.