ಚೀಟಿ ಬಿಡಿಸದ ತಟ್ಟೆ

...ನಂಬಿದ್ರೆ ನಂಬು, ಬಿಟ್ರೆ ಬಿಡು ಸೂರಮ್ಮ. ನಾನು ಹೇಳೋದರಲ್ಲಿ ಒಂದಕ್ಷರ ಸುಳ್ಳಿದ್ರೂ ಗೌರಸಮುದ್ರದ ಮಾರಮ್ಮ ನನ್ನ ಮೀಸೆ ಕಿತ್ತುಕೊಳ್ಳಲಿ. ಮೂವತ್ತು ವರ್ಷ ಎಣ್ಣೆ ತಿನ್ನಿಸಿ ಸಾಕಿದ ಮೀಸೆ, ಸುಮ್ಮನೆ ಪಣಕ್ಕೆ ಇಡ್ತೀನಾ? ನೀನು ಪಾತ್ರೆ ತೊಳೀತಾ ಇರು, ನಾನು ಈ ಕಟ್ಟೆ ಮೇಲೆ ಕೂತು ಹೇಳ್ತೀನಿ. ಇವತ್ತಿಗೆ ಈ ಶಾಲೆಯಲ್ಲಿ ಕೊನೇ ಬಿಸಿಯೂಟ ಆಯ್ತು. ಸೋಮವಾರದಿಂದ ನಮ್ಮ ಹಟ್ಟಿ ಮಕ್ಕಳು ದೊಡ್ಡಉಳ್ಳಾರ್ತಿಗೆ ನಡೀಬೇಕು, ನಿನ್ನ ಒಲೆ ಆರಬೇಕು, ಈ ಬಾಗಿಲಿಗೆ ಬೀಗ ಬೀಳಬೇಕು. ಯಾರಿಂದ? ದ್ರೋಹಿಗಳಿಂದ. ಅದನ್ನೇ ಹೇಳೋಕೆ ಬಂದೆ.

ಮೊದಲು ಈ ಲೋಟ ತಗೋ. ಶಾಲೆಯದ್ದು, ತಳದಲ್ಲಿ ನಂಬರ್ ಐತೆ. ಸಾಮಾನಿನ ಜೊತೆ ಇದನ್ನೂ ಒಪ್ಪಿಸಿಬಿಡು. ಮೂರು ವಾರದ ಹಿಂದೆ ನಮ್ಮ ಜಗಲಿ ಮೇಲೆ ಸಿಕ್ತು, ಮುಚ್ಚಳದ ಸಮೇತ. ಒಳಗೆ ಏನೋ ಕರ್ರಗೆ, ಮೆಣಸಿನ ಘಾಟು. ಯಾರಿಟ್ಟರೋ ಏನೋ. ಬೆಕ್ಕಿನ ಮುಂದೆ ಹಿಡಿದೆ. ಒಂದು ಸಲ ಮೂಸಿದ್ದು, ಇವತ್ತಿಗೂ ನಮ್ಮ ಬೀದಿಗೆ ಬಂದಿಲ್ಲ... ನಗಲ್ವಾ? ಸರಿ. ಅಲ್ಲಿಟ್ಟಿರು.

ನಿನಗೆ ನೆನಪೈತಲ್ಲ, ಹೋದ ದೀಪಾವಳಿ ಕಳೆದ ಮೇಲೆ ಹೆಡ್ ಮೇಡಂ ಪ್ರೇಮಲತಾ ನನ್ನ ಕರೆಸಿದ್ದು. ಶಾಲೆ ಕಮಿಟಿ ಅಧ್ಯಕ್ಷ ಅಂದ್ರೆ ಸುಮ್ಮನೆಯಾ? ಮುಂದಿನ ಐದು ವರ್ಷ ಈ ಶಾಲೇಲಿ ಎಷ್ಟೆಷ್ಟು ಮಕ್ಕಳಿರ್ತಾರೆ ಅಂತ ಅಂದಾಜು ಬರೆದು ಮೇಲಕ್ಕೆ ಕಳಿಸಬೇಕಂತೆ. ಪಾಪ, ಮೇಡಂ ಅಂಗನವಾಡಿ ಪುಸ್ತಕ ಮುಂದಿಟ್ಕೊಂಡು ಕೂಡೋದು, ಕಳೆಯೋದು, ಅಳಿಸೋದು. ನಾನಂದೆ, ಮೇಡಂ, ಮಂದೆ ಗುಡ್ಡ ಇಳಿಯುವಾಗಲೇ ಯಾವ ಕುರಿ ಒಂಟಿ ಮರಿ ಹಾಕುತ್ತೆ, ಯಾವುದು ಜೋಡಿ ಹಾಕುತ್ತೆ ಅಂತ ಹೇಳೋ ದೊಡ್ಡಪಾಲಯ್ಯ ಇರುವಾಗ ನಿಮಗೆ ಪುಸ್ತಕ ಯಾಕೆ?

ಹೆಂಗೆ ಲೆಕ್ಕ ಹಾಕಿದೆ ಅಂತ ಯಾರಿಗೂ ಹೇಳಿಲ್ಲ, ನೀನು ನನ್ನ ಚಿಕ್ಕಪ್ಪನ ಮಗಳು ಅಂತ ಹೇಳ್ತೀನಿ. ಬಾವಿ ಹತ್ರದ ಹುಣಸೆ ಮರ. ಅದರ ಕೆಳಗಿನ ಕೊಂಬೇಲಿ ಎಳೇಕಾಯಿ ಖಾಲಿ ಆಯ್ತು ಅಂದ್ರೆ ಹಟ್ಟೀಲಿ ಬಸುರಿಯರು ಇದ್ದಾರೆ ಅಂತ. ಒಂದು ಕೊಂಬೆ ಬೋಳಾದ್ರೆ ಎರಡು ಮಕ್ಕಳು. ಅದಕ್ಕೆ ಆರು ವರ್ಷ ಕೂಡಿಸು, ಒಂದನೇ ಕ್ಲಾಸು. ಆಮೇಲೆ ಬಳೆ ಮಾರಯ್ಯನ್ನ ಹಿಡಿದು, ಸೀಮಂತಕ್ಕೆ ಹಸಿರು ಬಳೆ ಯಾರ್ಯಾರ ಮನೆಗೆ ಕೊಟ್ಟೆ ಹೇಳಪ್ಪ ಅಂದೆ. ಅವನು ಹೇಳಿದ, ನಾನು ಬರ್ಕೊಂಡೆ. ಆಮೇಲೆ ನಮ್ಮ ಕುರಿ ಮೇಯ್ತಿದ್ದ ಕಾವಲಿಗೆ ಸರ್ಕಾರದವರು ಹಾಕಿದ ಗೋಡೆ. ಗೋಡೆ ಆಚೆ ಅಷ್ಟು ಜನ ವಿಜ್ಞಾನಿಗಳು ಬಂದವ್ರೆ. ಅವರಿಗೂ ಮದುವೆ ಆಗುತ್ತೆ, ಮಕ್ಕಳಾಗ್ತವೆ, ಆ ಮಕ್ಕಳಿಗೆ ಹತ್ತಿರದ ಶಾಲೆ ಯಾವುದು? ನಮ್ಮದೇ. ಹಂಗಾಗಿ ಈ ಜೂನಿಗೆ ಹದಿನಾಲ್ಕು, ಬರೋ ವರ್ಷ ಹದಿನೇಳು, ಐದನೇ ವರ್ಷಕ್ಕೆ ಇಪ್ಪತ್ತೆಂಟು. ಮೇಡಂ ಆ ಇಪ್ಪತ್ತೆಂಟನ್ನ ನೋಡಿ ಕನ್ನಡಕ ತೆಗೆದು ಒರೆಸ್ಕೊಂಡ್ರು.

ಯಾಕೆ ಹಂಗೆ ನೋಡ್ತೀಯಾ? ಆಯ್ತು, ವಿಜ್ಞಾನಿಗಳು ಬರಲಿಲ್ಲ. ಇನ್ನೂ ಮದುವೆ ಆಗಿರಲಿಕ್ಕಿಲ್ಲ.

ಲೆಕ್ಕ ಬಾಯಲ್ಲಿ ಹೇಳಿ ಸುಮ್ಮನಾಗೋನಲ್ಲ ನಾನು. ಚಳ್ಳಕೆರೆ ಪಾತ್ರೆ ಅಂಗಡೀಲಿ ಹದಿನಾಲ್ಕು ಸ್ಟೀಲ್ ತಟ್ಟೆ ತಗೊಂಡು ಒಂದೊಂದರ ಮೇಲೂ ಮಕ್ಕಳ ಹೆಸರು ಹೊಡೆಸಿದೆ. ಅಂಗಡಿಯವನು ಕೇಳಿದ, ಯಜಮಾನ್ರೆ, ಇಷ್ಟೂ ನಿಮ್ಮ ಮೊಮ್ಮಕ್ಕಳೇನ್ರಿ ಅಂತ. ಹೂಂ ಕಣಪ್ಪ, ಇದು ಮೊದಲ ಕಂತು ಅಂದೆ. ತಟ್ಟೆ ಮೇಲೆ ಹೆಸರು ಬಿದ್ದ ಮೇಲೆ ಯಾವ ತಾಯಿ ತಾನೇ ಮಗೂನ ಬೇರೆ ಶಾಲೆಗೆ ಕಳಿಸ್ತಾಳೆ? ಹಂಗೆ ತಿಳ್ಕೊಂಡಿದ್ದೆ.

ಕಳಿಸಿದ್ರು. ನಮ್ಮ ತಿಪ್ಪೇರುದ್ರ, ನನ್ನ ಹೆಗಲ ಮೇಲೆ ಬೆಳೆದ ಹುಡುಗ, ಜೂನ್ ಒಂದನೇ ತಾರೀಖೇ ಎರಡು ಮಕ್ಕಳಿಗೂ ಟೈ ಕಟ್ಟಿ ಇಂಗ್ಲಿಷ್ ಶಾಲೆ ಹಳದಿ ವ್ಯಾನ್ ಹತ್ತಿಸಿದ. ಮುಖ ಕೊಟ್ಟು ಮಾತಾಡಲಿಲ್ಲ. ಮುದ್ದಪ್ಪ ಕುರಿ ಹೊಡ್ಕೊಂಡು ನೀರಾವರಿ ಕಡೆ ಹೋದೋನು ತನ್ನವೆರಡನ್ನೂ ಕರ್ಕೊಂಡು ಹೋದ. ಶಾಲೆ ತೆಗೆಯೋ ಹೊತ್ತಿಗೆ ಬಂದೇ ಬರ್ತೀನಿ ಅಂತ ಕೈ ಮೇಲೆ ಕೈ ಹಾಕಿದ್ದ. ಪಾಲಾಕ್ಷನ ಮಗಳಿಗೆ ಮೊಳಕಾಲ್ಮುರಲ್ಲಿ ಹಾಸ್ಟೆಲ್ ಸೀಟು ಸಿಕ್ತು. ಅವನು ನನಗೇ ಸಿಹಿ ಕೊಡೋಕೆ ಬಂದ. ತಿಂದೆ. ಹದಿನಾಲ್ಕು ಒಂಬತ್ತಾಯ್ತು.

ಅಲ್ಲಿ ಬೋರಲು ಹಾಕಿದ್ದೀಯಲ್ಲ, ಆ ತಟ್ಟೆ ನೋಡು. ಅಂಗಡಿ ಚೀಟಿ ಇನ್ನೂ ಬಿಡಿಸಿಲ್ಲ. ಒಂದು ಅಗುಳು ಬಿದ್ದಿಲ್ಲ ಅದರ ಮೇಲೆ. ಚೀಟಿ ಬಿಡಿಸದ ತಟ್ಟೆ ಎಷ್ಟಿದ್ದಾವೋ ನಮ್ಮ ಹಟ್ಟೀಲಿ ಅಷ್ಟು ದ್ರೋಹ. ಐದು ತಟ್ಟೆ, ಐದು ದ್ರೋಹ. ಬೇಕಿದ್ರೆ ಎಣಿಸ್ಕೋ.

ಹತ್ತು ಮಕ್ಕಳಿದ್ರೆ ಈ ವರ್ಷ ಶಾಲೆ ಉಳೀತದೆ ಅಂತ ಮೇಡಂ ಅಂದ್ರು. ಒಂಬತ್ತಿದ್ದಾವೆ. ಆವಾಗ ಯಾರ ಬಾಗಿಲಿಗೆ ಬಂದೆ ನಾನು? ನಿನ್ನ ಬಾಗಿಲಿಗೆ. ದೇವಸಮುದ್ರದಲ್ಲಿರೋ ನಿನ್ನ ಮಗಳ ಮಗಳು ಕಾವ್ಯನ್ನ ಕರ್ಕೊಂಡು ಬಾ, ಇಲ್ಲಿ ಸೇರಿಸು, ಹತ್ತಾಗುತ್ತೆ ಅಂದೆ. ನೀನು ಹಿಂದೆ ಮುಂದೆ ನೋಡಲಿಲ್ಲ. ಮಗಳ ಹತ್ರ ಬೈಸಿಕೊಂಡು, ಆ ಕೂಸು ಬಸ್ಸಿನ ಕಿಟಕಿ ಸರಳು ಹಿಡಿದು ಅಳ್ತಾ ಬಂದ್ರೂ, ಕರ್ಕೊಂಡು ಬಂದೆ. ಅವಳ ಹೆಸರಲ್ಲೂ ನಾನು ಒಂದು ತಟ್ಟೆ ಹೊಡೆಸಿಕೊಟ್ಟೆ. ಅಳಬೇಡವ್ವ, ನಮ್ಮ ಸ್ವಪ್ನ ನಿನ್ನ ಪಕ್ಕದಲ್ಲೇ ಕೂರ್ತಾಳೆ ಅಂತ ನಾನೇ ಕಣ್ಣೀರು ಒರೆಸಿದೆ. ನನ್ನ ಮೊಮ್ಮಗಳು ಅವಳ ವಾರಿಗೆಯವಳೇ ಅಲ್ವಾ.

ಬಿಇಒ ಆಫೀಸಿಂದ ಸಾಹೇಬ್ರು ಬಂದ ದಿನ... ಆ ತಟ್ಟೆ ಸದ್ದು ಮಾಡಬೇಡ್ವೇ, ಮಾತು ತಪ್ಪುತ್ತೆ. ಬಂದ ದಿನ ಮಕ್ಕಳನ್ನ ಸಾಲಾಗಿ ನಿಲ್ಲಿಸಿ ಎಣಿಸಿದ್ರು. ಒಂಬತ್ತು. ಇನ್ನೊಂದು ಸಲ ಎಣಿಸಿದ್ರು. ಮೇಡಂ ನನ್ನ ಮುಖ ನೋಡಿದ್ರು, ನೀನು ಅಡುಗೆ ಮನೆ ಬಾಗಿಲಿಂದ ನೋಡಿದೆ. ನಾನು ಮುಂದೆ ಹೋಗಿ ಕೈ ಮುಗಿದು ಅಂದೆ, ಸಾರ್, ಹತ್ತನೇದು ನನ್ನ ಮೊಮ್ಮಗಳು, ಶಾಲೆ ತೆಗೆದ ದಿನದಿಂದ ಜ್ವರ, ಮಲಗೈತೆ ಅಂತ. ಅವರು ಒಳ್ಳೆಯವರು. ಎಂಟು ದಿನ ಬಿಟ್ಟು ಮಗೂನ ತೋರಿಸ್ರಿ ಅಂದ್ರು. ಎಂಟು ದಿನ ಆಯ್ತು. ಜ್ವರ ಏನು ಕ್ಯಾಲೆಂಡರ್ ನೋಡಿ ಬಿಡುತ್ತಾ? ಕಾಗದ ಬಂತು. ಮುಗೀತು. ತಿಪ್ಪೇರುದ್ರ ಒಂದು ಮಗೂನ ಬಿಟ್ಟುಕೊಟ್ಟಿದ್ರೂ ಸಾಕಿತ್ತು. ಒಂದೇ ಒಂದು. ನನ್ನವರು ಅಂದ್ಕೊಂಡಿದ್ದವರೇ ಬೆನ್ನಿಗೆ...

ಏನು ಎಣಿಸ್ತಾ ಇದ್ದೀಯಾ?

ಐದೇ ಕಣೆ, ನಾನು ಹೇಳಿದೆನಲ್ಲ. ತಿಪ್ಪೇರುದ್ರನವು ಎರಡು, ಮುದ್ದಪ್ಪನವು ಎರಡು, ಪಾಲಾಕ್ಷಂದು ಒಂದು. ಮತ್ತೆ ಅದ್ಯಾವುದು ಕೈಯಲ್ಲಿ? ಅದನ್ನ ಯಾಕೆ ಒರೆಸ್ತೀಯಾ, ತೊಳೆದಿರೋದೇ ಅಲ್ವಾ... ಬೇಡ, ನನಗೆ ಊಟ ಬೇಡ. ಆಗಲೇ ರೊಟ್ಟಿ ತಿಂದು ಬಂದೆ. ಬೇಡ ಅಂದ್ರೆ ಕೇಳ್ತೀಯಾ ನೀನು. ಇಷ್ಟು ಅನ್ನ ಯಾರು ತಿಂತಾರೆ? ಅಯ್ಯೋ, ಸಾರು ಆ ಚೀಟಿ ಮೇಲೆ ಬಿತ್ತಲ್ಲೇ, ಚೀಟಿ ಬಿಡಿಸಬಾರದಿತ್ತಾ ಮೊದಲು... ಕನ್ನಡಕ ತಂದಿಲ್ಲ. ಹೆಸರು ಕಾಣಲ್ಲ.

ಕಾಣುತ್ತೆ. ಕಾಣುತ್ತೆ ಬಿಡು.

ಸ್ವಪ್ನ.

...ಕೂತ್ಕೋ ಸೂರಮ್ಮ. ನಿಂತು ನೋಡಬೇಡ ಹಂಗೆ. ಏನಾದರೂ ಅನ್ನು. ಬೈಯಿ, ಅಣ್ಣ ಅಂತ ನೋಡಬೇಡ, ಬೈಯಿ. ಯಾವತ್ತಿಂದ ಗೊತ್ತು ನಿನಗೆ? ಮೇಡಂ ಹೇಳಿದ್ರಾ? ಇಲ್ಲ. ಕಾವ್ಯ? ಇಲ್ಲ... ಆ ಲೋಟದ ಕಡೆ ಯಾಕೆ ನೋಡ್ತೀಯಾ?

ಮೆಣಸಿನ ಕಷಾಯ.

ಸಾಹೇಬ್ರು ಬಂದು ಹೋದ ದಿನ ಸಂಜೆ ನೀನೇ ತಂದಿದ್ದೆ, ಅಲ್ವಾ? ಮಗೂಗೆ ಜ್ವರ ಅಂದೆನಲ್ಲ, ಕಾಯಿಸಿಕೊಂಡು, ಮುಚ್ಚಳ ಮುಚ್ಚಿ, ಸೆರಗಲ್ಲಿ ಹಿಡ್ಕೊಂಡು ಬಂದಿದ್ದೆ. ವ್ಯಾನ್ ಬರೋ ಹೊತ್ತದು. ಸ್ವಪ್ನ ಬೂಟು ಹಾಕ್ಕೊಂಡು ಇಳಿಯೋದನ್ನ ನೋಡಿದೆ. ನೋಡಿ, ಲೋಟ ಜಗಲಿ ಮೇಲಿಟ್ಟು, ವಾಪಸ್ ಹೋದೆ. ಮಾರನೇ ದಿನ ನನಗೆ ಟೀ ಕೊಟ್ಟೆ. ಮೂರು ವಾರ ದಿನಾ ಟೀ ಕೊಟ್ಟೆ. ನಾನು ಕುಡಿದೆ.

ಸೊಸೆಯದು ಹಠ ಅಂತ ಹೇಳಬಹುದು ನಾನು. ಹೇಳಲ್ಲ. ನಾನೇ ಕೈ ಹಿಡಿದು ವ್ಯಾನ್ ಹತ್ತಿಸಿದ್ದು. ಡ್ರೈವರ್‌ಗೆ ಹೇಳಿ ಕಿಟಕಿ ಪಕ್ಕ ಕೂರಿಸಿದ್ದೂ ನಾನೇ. ನಮ್ಮ ಬೀದೀಲಿ ಯಾರೂ ನೋಡಬಾರದು ಅಂತ ಬೆಳಗ್ಗೆ ಕೆರೆ ಏರಿವರೆಗೂ ನಡೆಸಿಕೊಂಡು ಹೋಗಿ ಹತ್ತಿಸ್ತಿದ್ದೆ. ಸಂಜೆ ಬರುವಾಗ ಆ ಡ್ರೈವರ್ ಮನೆ ಮುಂದೇನೇ ಇಳಿಸಿಬಿಡ್ತಿದ್ದ, ಮುಂಡೇಗಂಡ.

ಲೆಕ್ಕ ಬಲ್ಲವನು ನಾನು, ಸೂರಮ್ಮ. ಅದೇ ಬಂದಿದ್ದು ಕಷ್ಟ. ಮೇಡಂಗೆ ಕೊಟ್ಟ ಕಾಗದದಲ್ಲಿ ಹದಿನಾಲ್ಕು, ಹದಿನೇಳು, ಇಪ್ಪತ್ತೆಂಟು. ಅದು ಆಸೆ. ಜೇಬಲ್ಲಿ ಇಟ್ಕೊಂಡ ಚೀಟೀಲಿ ಈ ವರ್ಷ ಒಂಬತ್ತು, ಬರೋ ವರ್ಷ ಆರು, ಐದನೇ ವರ್ಷಕ್ಕೆ ಏನೂ ಇಲ್ಲ. ಮುಳುಗುತ್ತೆ ಅಂತ ಹಟ್ಟೀಲಿ ಮೊದಲು ಗೊತ್ತಾದೋನು ನಾನು, ಮೊದಲು ಹಾರಿಕೊಂಡೋನೂ ನಾನೇ. ಹಾರಿಕೊಂಡು ದಡದಲ್ಲಿ ನಿಂತು ನಿನ್ನ ಕೂಗಿದೆ, ಬಾ, ಕಾವ್ಯನ್ನ ಕರ್ಕೊಂಡು ಬಾ, ಹತ್ತು ಅಂತ. ಅವಳು ನಿನ್ನೆ ಕೂಡ ಕೇಳಿದಳು ನನ್ನ, ದೊಡ್ಡತಾತ, ಸ್ವಪ್ನಂಗೆ ಇನ್ನೂ ವಾಸಿ ಆಗಿಲ್ವಾ ಅಂತ. ಪಕ್ಕದಲ್ಲಿ ಜಾಗ ಬಿಟ್ಕೊಂಡೇ ಕೂತಿದ್ದಳು.

ತಿಂತೀನಿ. ತಿಂತಾ ಇದ್ದೀನಿ, ನೋಡು. ಉಪ್ಪು ಸರಿಯಾಗೈತೆ.

ಹುಣಸೆ ಮರದ್ದು ನಿಜ. ಬಳೆ ಮಾರಯ್ಯಂದು ನಿಜ. ತಿಪ್ಪೇರುದ್ರ ಮುಖ ಕೊಟ್ಟು ಮಾತಾಡದೇ ಇದ್ದದ್ದೂ ನಿಜ. ವ್ಯಾನ್ ಹತ್ರ ನಾವಿಬ್ಬರೂ ಎದುರುಬದುರು ನಿಂತಿದ್ವಿ, ಯಾರು ಯಾರ ಮುಖ ನೋಡೋದು? ಎಲ್ಲಾ ನಿಜವೇ ತಂಗಿ. ಒಂದೇ ಒಂದು ಸಣ್ಣ ಮಾತು ನಾನು ಕಟ್ಟಿದ್ದು.

ಮಗೂಗೆ ಜ್ವರ ಇರಲಿಲ್ಲ.