ಕುಂಕುಮ ಹಚ್ಚಿದ ಪದವಿ

ಯಾವ ಊರು ಎಂದು ಕೇಳಬೇಡಿ. ಹೆಸರು ಹೇಳಿದರೆ ಮುಂದಿನ ಸಾಲಿನವರೇ ನಾಲ್ಕು ಮಂದಿ ಎದ್ದು ಹೋದಾರು. ಒಂದು ಊರು, ಅಲ್ಲೊಬ್ಬ ಶ್ರೀಮಂತ. ಅಷ್ಟು ಸಾಕು. ಸಾಲಾಗಿ ಮಂಡಕ್ಕಿ ಭಟ್ಟಿಗಳಿದ್ದವು ಅವನಿಗೆ. ದಾಸೋಹಕ್ಕೆ ಅಕ್ಕಿ ಕೊಡುವವನು ಅವನೇ, ಪ್ರವಚನಕ್ಕೆ ಬಂದರೆ ಮುಂದೆ ಕೂರುವವನು ಅವನೇ. ನಮ್ಮಂಥ ಸ್ವಾಮಿಗಳು ‘ಹೆಣ್ಣೇನು ಗಂಡೇನು’ ಎಂದು ಬಾಯಿ ತೆರೆಯುವುದೇ ತಡ, ಮೊದಲು ಚಪ್ಪಾಳೆ ತಟ್ಟುವವನೂ ಅವನೇ. ನೋಡಿ, ಈಗಲೂ ಯಾರೋ ತಟ್ಟಿದಿರಿ. ತಟ್ಟಬೇಡಿ. ಕೇಳಿ.

ಅವನಿಗೊಬ್ಬ ಮಗ, ಒಬ್ಬ ಮಗಳು. ಆ ಮನೆಯ ಉಳಿದವರಿಗೆ ಹೆಸರು ಬೇಡ, ಮಗಳಿಗೆ ಮಾತ್ರ ಒಂದು ಹೆಸರು ಕೊಡುತ್ತೇನೆ, ದಾಕ್ಷಾಯಣಿ. ಮಗ ಪಿಯುಸಿಯಲ್ಲೇ ಡುಮ್ಕಿ ಹೊಡೆದು ಬೈಕು ಹತ್ತಿದ. ಮಗಳನ್ನು ಅಪ್ಪ ವಿಶ್ವವಿದ್ಯಾಲಯಕ್ಕೆ ಕಳಿಸಿ ಎಂಬಿಎ ಓದಿಸಿದ. ಯಾಕೆ ಓದಿಸಿದ? ವ್ಯಾಪಾರ ಕಲಿಯಲಿ ಎಂದೇ? ಅಯ್ಯೋ, ಎಲ್ಲಿಯ ಮಾತು! ಈಗಿನ ಬೀಗರು ಕೇಳುತ್ತಾರೆ, ಅದಕ್ಕೆ.

ಆದರೆ ಹುಡುಗಿ ನಿಜವಾಗಿ ಓದಿಬಿಟ್ಟಳು! ಅವನ ಲೆಕ್ಕ ತಪ್ಪಿದ್ದು ಅಲ್ಲೇ. ಮೇಷ್ಟರು ಒಂದು ದಿನ ಪಾಠದಲ್ಲಿ ಹೇಳಿದರು: ನಿನ್ನ ಸರಕು ಕೊಳ್ಳುವವನನ್ನು ಆಮೇಲೆ ನೋಡು, ಬೇಡ ಎಂದವನ ಹತ್ತಿರ ಮೊದಲು ಹೋಗು, ಯಾಕೆ ಬೇಡ ಎಂದು ಕೇಳು. ಉಳಿದವರು ಬರೆದುಕೊಂಡರು. ದಾಕ್ಷಾಯಣಿ ಎದ್ದು ಹೋದಳು. ಅಪ್ಪನ ಮಂಡಕ್ಕಿ ಕೊಳ್ಳುವುದನ್ನು ಬಿಟ್ಟಿದ್ದ ಅಂಗಡಿಗಳನ್ನು ಒಂದೊಂದಾಗಿ ಹುಡುಕಿದಳು. ಒಬ್ಬ ಅಂಗಡಿಯವನು ಒಂದು ಹಿಡಿ ಮಂಡಕ್ಕಿಯನ್ನು ಅಂಗೈಯಲ್ಲಿ ಹಿಸುಕಿ ಅವಳ ಮುಂದೆ ಹಿಡಿದ.

‘ವಾಸ್ನಿ ನೋಡವ್ವ. ಟೈರು ಸುಟ್ಟಿದ್ದು. ಮಕ್ಕಳಿಗೆ ಹೆಂಗ್ ಕೊಡೋದು ಇದನ್ನ?’

ಆ ಊರಿನ ಭಟ್ಟಿಗಳಲ್ಲಿ ಉರಿಯುತ್ತಿದ್ದದ್ದು ಹಳೇ ಟೈರು. ಅಗ್ಗ ನೋಡಿ. ಹೊಗೆ ಕುಡಿದು ಕೆಮ್ಮುವವರು ಕೆಲಸದವರು ತಾನೆ, ಶ್ರೀಮಂತನ ಮನೆ ಊರಾಚೆ ತಣ್ಣಗಿತ್ತು. ಅಂದು ಅವಳಿಗೆ ಆದ ನಾಚಿಕೆ ಹೇಳತೀರದು. ಆ ನಾಚಿಕೆಯೇ ಅವಳ ಕಂಪನಿಯ ಮೊದಲ ಬಂಡವಾಳವಾಯಿತು. ಅವಳು ಹಾಕಿಕೊಂಡ ಲೆಕ್ಕ ಇದು: ಭತ್ತದ ಹೊಟ್ಟು ಉರಿಸುವ ಒಲೆ ಹಾಕುವುದು, ವಾಸನೆಯಿಲ್ಲದ ಮಂಡಕ್ಕಿಯನ್ನು ಪೊಟ್ಟಣ ಕಟ್ಟಿ ಮಾರುವುದು, ಭಟ್ಟಿಯ ಹೆಂಗಸರಿಗೆ ಕೂಲಿಯ ಬದಲು ಪಾಲು ಕೊಡುವುದು. ಅದೇ ಅಂಗಡಿಯವನನ್ನು ಮತ್ತೆ ಕಂಡು ‘ಹಿಂಗ್ ಮಾಡಿದ್ರ ತಗೋತೀರಾ?’ ಎಂದು ಕೇಳಿದಳು. ಅವನು ಒಪ್ಪಿದ.

ಪದವಿ ಮುಗಿಸಿ ಬಂದವಳು ಅಪ್ಪನ ಮುಂದೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಸಾಲಿನ ಕೊನೆಯಲ್ಲಿ ಒಂದು ಭಟ್ಟಿ ಬಾಗಿಲು ಮುಚ್ಚಿಕೊಂಡು ಬಿದ್ದಿತ್ತು. ಅದರ ಬೀಗದ ಕೈ ಕೊಡಿ ಎಂದಳು. ದುಡ್ಡು ಕೇಳಲಿಲ್ಲ, ಒಡವೆ ಕೇಳಲಿಲ್ಲ. ಪಾಳು ಬಿದ್ದ ಭಟ್ಟಿ ಕೇಳಿದಳು. ಅಪ್ಪ ನಕ್ಕ.

‘ಓದಿದ್ದು ಸಾಕವ್ವ. ಇನ್ನ ಗಂಡನ ಮನಿಗೆ ಹೋಗಿ ಅವರು ಏನಂತಾರೋ ಹಂಗ ಮಾಡು.’

ಅವಳು ಹೇಳಿದ ಅಷ್ಟೂ ಮಾತಿನಲ್ಲಿ ಅವನ ಕಿವಿಗೆ ಬಿದ್ದದ್ದು ಒಂದೇ, ಪೊಟ್ಟಣ.

ದೀಪಾವಳಿ ಬಂತು. ಭಟ್ಟಿಯ ಪಕ್ಕದ ಮಳಿಗೆಯಲ್ಲಿ ಲಕ್ಷ್ಮೀ ಪೂಜೆ. ನೆಂಟರೆಲ್ಲ ಸೇರಿದ್ದರು. ತಕ್ಕಡಿ ತೊಳೆದು ಇಟ್ಟಿದ್ದರು, ತಿಜೋರಿಗೆ ಹೂ ಮುಡಿಸಿದ್ದರು. ದಾಕ್ಷಾಯಣಿ ಆರತಿ ತಟ್ಟೆ ಹಿಡಿದು ಒಳಗೆ ಬಂದವಳು ಹಾಗೇ ನಿಂತುಬಿಟ್ಟಳು. ತಕ್ಕಡಿಯ ಪಕ್ಕದಲ್ಲಿ, ಗಾಜು ಹಾಕಿಸಿದ ಚೌಕಟ್ಟಿನೊಳಗೆ, ಅವಳ ಎಂಬಿಎ ಸರ್ಟಿಫಿಕೇಟು! ಗಾಜಿನ ಮೇಲೆ ವಿಭೂತಿ, ಕುಂಕುಮ. ಮೇಲೊಂದು ಚೆಂಡುಹೂವಿನ ಹಾರ. ನೆಂಟರು ಬಗ್ಗಿ ಕೈ ಮುಗಿಯುತ್ತಿದ್ದರು. ‘ಸರಸ್ವತಿನೂ ಲಕ್ಷ್ಮಿನೂ ಒಂದ ಕಡೆ ಕುಂತಾರ’ ಎಂದು ಸೋದರತ್ತೆ ಗಲ್ಲ ಹಿಡಿದಳು.

ಅಷ್ಟರಲ್ಲಿ ಅಪ್ಪ ಮಗನನ್ನು ಕರೆದು ಗಾದಿಯ ಮೇಲೆ ತನ್ನ ಪಕ್ಕಕ್ಕೆ ಕೂರಿಸಿಕೊಂಡ. ‘ಕಡೀ ಭಟ್ಟಿ ಇವನಿಗೆ ಕೊಟ್ಟೀನಿ. ಪ್ಯಾಕೆಟ್ ಮಂಡಕ್ಕಿ ಕಂಪನಿ ತೆಗೀತಾನ ನನ್ನ ಮಗ.’

ಎದೆಯಲ್ಲಿ ಬೆಂಕಿ ಬಿತ್ತು ಹುಡುಗಿಗೆ. ಬೀಳಬೇಡವೇ? ನಿಮಗೆ ಬೀಳುತ್ತಿರಲಿಲ್ಲವೇ?

‘ಅಪ್ಪಾಜಿ, ಆ ಕಾಗದಕ್ಕೆ ಕುಂಕುಮ ಹಚ್ಚೀರಿ. ಓದಿದಾಕಿ ಇಲ್ಲೇ ನಿಂತೀನಿ. ಅದು ನನ್ನ ಕೆಲಸ’ ಎನ್ನುತ್ತ ಚೌಕಟ್ಟಿಗೆ ಕೈ ಹಾಕಿದಳು.

ಅಪ್ಪ ಏನಂದ ಗೊತ್ತೇ? ‘ಪೂಜಿ ಮುಗಿಯೋ ತನಕ ಮುಟ್ಟಬ್ಯಾಡ’ ಅಂದ!

ತಾನು ನಿದ್ದೆಗೆಟ್ಟು ಓದಿದ್ದನ್ನು ತಾನೇ ಮುಟ್ಟುವ ಹಾಗಿಲ್ಲ. ಕೇಳಿದಿರಾ? ತಾನೇ ಮುಟ್ಟುವ ಹಾಗಿಲ್ಲ! ದಾಕ್ಷಾಯಣಿ ಮುಟ್ಟಿದಳು. ಹಾರ ತೆಗೆದಳು, ಸೆರಗಿನಿಂದ ಗಾಜು ಒರೆಸಿದಳು, ಚೌಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ನಡೆದಳು. ಅಪಶಕುನ, ಅಪಶಕುನ ಎಂದು ನೆಂಟರು ಗುಲ್ಲೆಬ್ಬಿಸಿದರು. ಧೈರ್ಯದಿಂದ ನಡೆದಳು ಎಂದು ನಾನು ಸುಳ್ಳು ಹೇಳುವುದಿಲ್ಲ. ಅಳುತ್ತಾ ನಡೆದಳು.

ಅಪ್ಪನ ಭಟ್ಟಿಯಲ್ಲಿ ಜರಡಿ ಹಿಡಿಯುತ್ತಿದ್ದ, ಮಳಿಗೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಾಬುಬಿ ಎಂಬ ಹೆಂಗಸು ಅವಳನ್ನು ದಾರಿಯಲ್ಲೇ ತಡೆದಳು. ‘ನಮ್ಮ ಮನಿಯವ್ರು ತೀರಿಕೊಂಡ ಮ್ಯಾಲೆ ಹಿತ್ತಲ ಭಟ್ಟಿ ಹಂಗ ಬಿದ್ದೈತಿ. ನಿಮ್ಮಪ್ಪಾರು ನನ್ನ ಕೆಲಸದಿಂದ ತೆಗೀತಾರ, ತೆಗೀಲಿ. ಕೆಮ್ಮಿ ಕೆಮ್ಮಿ ಸಾಯೋದು ನನಗೂ ಸಾಕಾಗೈತಿ. ಬಾರವ್ವ.’

ದಾಕ್ಷಾಯಣಿಯ ಕಂಪನಿ ಶುರುವಾದದ್ದು ಹಾಗೆ. ಒಬ್ಬ ವಿಧವೆಯ ಹಿತ್ತಲಲ್ಲಿ. ಅವಳು ಓದಿದ್ದೆಲ್ಲ ಅಲ್ಲಿ ಕೆಲಸಕ್ಕೆ ಬಂತು. ಮೊದಲ ಸಲದ ಮಂಡಕ್ಕಿ ಅರಳಲೇ ಇಲ್ಲ, ಎರಡನೆಯದು ಸೀದುಹೋಯಿತು. ಮೂರನೆಯದನ್ನು ಅದೇ ಅಂಗಡಿಯವನು ಮೂಸಿ ನೋಡಿ, ಬಾಯಿಗೆ ಹಾಕಿಕೊಂಡು, ‘ಇನ್ನೊಂದು ಚೀಲ ಕಳಿಸವ್ವ’ ಎಂದ. ಅಂದು ಅವಳು ಮಾಬುಬಿಯನ್ನು ತಬ್ಬಿಕೊಂಡು ನಕ್ಕಳು.

ಇತ್ತ ಅಣ್ಣನ ಕಂಪನಿ? ಅದಕ್ಕೇನು ಕಡಿಮೆ! ಶಾಮಿಯಾನ, ರಿಬ್ಬನ್ನು, ಶಾಲು, ಫ್ಲೆಕ್ಸಿನಲ್ಲಿ ಅವನ ದೊಡ್ಡ ಮುಖ. ಬಣ್ಣದ ಪೊಟ್ಟಣವೂ ಬಂತು. ಭಟ್ಟಿಯಲ್ಲಿ ಉರಿದದ್ದು ಮಾತ್ರ ಅದೇ ಟೈರು. ಟೈರು ಯಾಕೆ ಬೇಡ ಎಂದು ತಂಗಿ ಹೇಳಿದಾಗ ಯಾರು ಕೇಳಿಸಿಕೊಂಡಿದ್ದರು? ಕಳಿಸಿದ ಸರಕು ವಾಪಸು ಬಂತು. ಅಷ್ಟೇ ಅಲ್ಲ, ಹಳೆಯ ಗಿರಾಕಿಗಳೂ ಒಬ್ಬೊಬ್ಬರಾಗಿ ದಾಕ್ಷಾಯಣಿಯ ಮಂಡಕ್ಕಿ ಕೇಳತೊಡಗಿದರು. ಭಟ್ಟಿಗಳು ಒಂದೊಂದೇ ತಣ್ಣಗಾದವು.

ಆಗ ಅಪ್ಪ ಹಿತ್ತಲಿಗೆ ಬಂದ. ಅವಳಿಗೆ ಕಣ್ಣು ತುಂಬಿ ಬಂತು. ಎಷ್ಟಾದರೂ ಅಪ್ಪ. ಮಣೆ ಹಾಕಿ ಕೂರಿಸಿದಳು.

‘ಮನಿಗೆ ಬಾರವ್ವ. ಭಟ್ಟಿ ನೀನ ನೋಡ್ಕೋ. ಹೊರಗ ಹೆಸರು ನಿಮ್ಮಣ್ಣಂದ ಇರ್ಲಿ.’

‘ಬರ್ತೀನಿ ಅಪ್ಪಾಜಿ. ಮಾಬುಬಿ ಅವ್ರನ್ನೂ ಕರ್ಕೊಂಡ ಬರ್ತೀನಿ, ಭಟ್ಟಿ ಎಲ್ಲಾ ಉಳಿಸ್ತೀನಿ. ಒಂದ ಮಾತು. ಇನ್ನ ಮ್ಯಾಲೆ ಯಜಮಾನಿ ಇವಳು ಅಂತ ಕೆಲಸದವರ ಮುಂದ ನಿಂತು ನೀವ ಹೇಳ್ಬೇಕು.’

ಅಪ್ಪ ಹಿತ್ತಲ ಬಾಗಿಲ ಕಡೆ ನೋಡಿದ. ಯಾರಾದರೂ ಕೇಳಿಸಿಕೊಂಡರೇನೋ ಎಂದು ನೋಡಿದ. ಹೆಗಲ ಮೇಲಿನ ಟವೆಲು ಕೊಡವಿ ಎದ್ದು ಹೋದ.

ಎದ್ದು ಹೋದ! ಅಜ್ಜನ ಕಾಲದ ಭಟ್ಟಿಗಳು ಮುಚ್ಚಿದರೂ ಆದೀತು, ಇವಳು ನನ್ನ ಮಗಳು, ಇವಳೇ ಯಜಮಾನಿ ಎಂಬ ಒಂದು ಮಾತು ಬಾಯಿಂದ ಬರಬಾರದು! ಕೆಲಸ ಕಳೆದುಕೊಂಡ ಮನೆಗಳಲ್ಲಿ ಒಲೆ ಆರಿತು. ಅವರೇನು ಪಾಪ ಮಾಡಿದ್ದರು? ಅವಳ ಸಣ್ಣ ಹಿತ್ತಲಿಗೆ ಅವರೆಲ್ಲರನ್ನೂ ಕರೆದುಕೊಳ್ಳುವ ಶಕ್ತಿ ಇರಲಿಲ್ಲ.

ಈಗ ಹೇಳಿ. ಮನೆಯಲ್ಲಿ ಪದವಿ ಓದಿದ ಮಗಳು, ಸೊಸೆ ಇದ್ದವರು ಕೈ ಎತ್ತಿ. ಎತ್ತಿ, ನಾಚಿಕೆ ಯಾಕೆ, ಊರಿಗೆಲ್ಲ ಹೇಳಿಕೊಂಡು ತಿರುಗುತ್ತೀರಲ್ಲ! ಆಹಾ, ಎಷ್ಟು ಕೈಗಳು. ಅವರ ಕೈಗೆ ಅಂಗಡಿಯದೋ ಗಿರಣಿಯದೋ ಬೀಗದ ಕೈ ಕೊಟ್ಟವರು ಮಾತ್ರ ಕೈ ಹಾಗೇ ಇಡಿ, ಉಳಿದವರು ಇಳಿಸಿ.

ನೋಡಿದಿರಾ?

ಇನ್ನು ಬಂದು ನನ್ನ ಕಾಲಿಗೆ ಬೀಳಬೇಡಿ, ಹಣ್ಣಿನ ತಟ್ಟೆ ತರಬೇಡಿ. ಸೀದಾ ಮನೆಗೆ ಹೋಗಿ. ಅವಳನ್ನು ಅಡುಗೆಮನೆಯಿಂದ ಕರೆದು, ನಾಲ್ಕು ಜನರ ಎದುರಿಗೆ ಪಕ್ಕದಲ್ಲಿ ಕೂರಿಸಿಕೊಂಡು, ‘ಏನ್ ಮಾಡ್ಬೇಕು ಅಂತೀಯವ್ವ?’ ಎಂದು ಕೇಳಿ. ಅವಳು ಹೇಳಿ ಮುಗಿಸುವ ತನಕ ನಗಬೇಡಿ, ನಡುವೆ ಬಾಯಿ ಹಾಕಬೇಡಿ. ಮುಗಿಸಿದ ಮೇಲೆ ಬೀಗದ ಕೈ ಕೊಡಿ. ಕೊಟ್ಟದ್ದು ಯಾರಿಗೆ ಎಂದು ನಾಳೆ ಬೆಳಿಗ್ಗೆ ಅಂಗಡಿಯ ಮುಂದೆ ನಿಂತು ಕೂಗಿ ಹೇಳಿ. ಅದನ್ನು ಹೇಳಲು ಬಾಯಿ ಬಾರದವರು ನಾಳೆಯಿಂದ ಪ್ರವಚನಕ್ಕೆ ಬರುವುದು ಬೇಡ.