ಅತ್ತೆಯ ಮುಂದೆ ಹಾಕುವ ಹನಿ

ಮಕ್ಕಳ ಆಸ್ಪತ್ರೆಯ ಔಷಧಿ ಕೌಂಟರಿನಾಕೆ ವಿಟಮಿನ್ ಡಿ ಹನಿಯ ಬಾಟಲಿ ಮುಂದಿಟ್ಟಳು. ಎದುರಿಗಿದ್ದ ಓರಗಿತ್ತಿಯರಿಬ್ಬರ ಹೆಗಲ ಮೇಲೂ ಒಂದೊಂದು ಕೂಸು.

“ನನ್ನ ಮಗೂಗೆ ಡಾಕ್ಟ್ರು ಇದನ್ನ ಬರೀಲೇ ಇಲ್ವಲ್ಲ?” ಎಂದಳು ಹಿರಿಯಳು.

“ನೀವು ಕುಡಿಸೋ ಡಬ್ಬಿ ಹಾಲಿಗೆ ಮೊದಲೇ ಬೆರೆಸಿರ್ತಾರಂತೆ ಅಕ್ಕ. ಎದೆಹಾಲಲ್ಲಿ ಅದು ಕಮ್ಮಿಯಂತೆ.”

“ನಿನ್ನ ಹಾಲಲ್ಲೂ?”

“ಯಾರ ಹಾಲಾದ್ರೂ ಅಷ್ಟೇ ಅಂದ್ರು.”

ಕೌಂಟರಿನಾಕೆಯ ಕಿವಿ ನಿಮಿರಿತು.

“ನಿನ್ನ ಹಾಲು ಅಮೃತ, ಅಮೃತ ಅಂತ ಅತ್ತೆ ದಿನಾ ನನ್ನೆದುರೇ ಹೊಗಳ್ತಿದ್ರಲ್ಲೇ!”

“ಅವರಿಗೆ ಹೇಳ್ಬೇಡಿ ಅಕ್ಕ. ಕದ್ದುಮುಚ್ಚಿ ಹಾಕ್ತೀನಿ.”

“ಛೆ, ಕದ್ದುಮುಚ್ಚಿ ಯಾಕೆ? ದಿನಕ್ಕೊಂದು ಸಲ ತಾನೇ? ನಾನೇ ಹಾಕ್ತೀನಿ ಬಿಡು. ಬೆಳಿಗ್ಗೆ ಅತ್ತೆ ಕಾಫಿ ಕುಡಿಯೋವಾಗ, ಅವರ ಮುಂದೆ.”

ಕೌಂಟರಿನಾಕೆ ಚೀಲ ಕೊಡಹೋದಳು. ಹಿರಿಯಳು ಬೇಡವೆಂದು, ಬಾಟಲಿಯನ್ನು ನಾಲ್ಕು ಜನಕ್ಕೆ ಕಾಣುವಂತೆ ಕೈಯಲ್ಲೇ ಹಿಡಿದು ಮುಂದೆ ಮುಂದೆ ನಡೆದಳು.